ಸದ್ದು ಬಾರದ ಫೋಟೋ

"ಇದನ್ನ ಇನ್ನು ಮಲಗಿಸಿಬಿಡಿ. ಪಾಪ, ಸುಸ್ತಾಗಿದೆ."

ಕ್ಯಾಮೆರಾ ಅಂಗಡಿಯ ಹುಡುಗ ಹೀಗೆಂದದ್ದೇ ತಡ, ದಿಯೆಪ್‌ಳ ಮುಖಕ್ಕೆ ರಕ್ತ ನುಗ್ಗಿತು.

ಅವನ ಕೈಯಲ್ಲಿದ್ದದ್ದು ಅವಳ ಅಪ್ಪನ ಹಳೆಯ ಡಿಎಸ್ಎಲ್ಆರ್. ಹಿಡಿಕೆಯ ರಬ್ಬರು ಅಪ್ಪನ ಬೆರಳಿಗೆ ಸವೆದು ನುಣುಪಾಗಿತ್ತು. ಹುವೆ ಪಟ್ಟಣದ ಎಷ್ಟೋ ಮನೆಗಳಲ್ಲಿ, ತೀರಿಕೊಂಡ ಹಿರಿಯರನ್ನು ಪೂಜಿಸುವ ಪೀಠದ ಮೇಲೆ ಊದುಬತ್ತಿಯ ಹೊಗೆಯ ಹಿಂದೆ ಫೋಟೋಗಳಾಗಿ ಕೂತಿರುವ ಅಜ್ಜ ಅಜ್ಜಿಯರೆಲ್ಲ ಬದುಕಿದ್ದಾಗ ಅದರ ಮುಂದೆ ಕೂತು ಎದ್ದವರೇ.

"ರಿಪೇರಿ ಆಗುತ್ತಾ ಅಂತ ಕೇಳಿದೆ. ಮಲಗಿಸೋದು ಏಳಿಸೋದು ನಮ್ಮನೆ ವಿಚಾರ."

"ಆಗುತ್ತೆ. ಆದ್ರೆ ಒಳಗಿನ ಕನ್ನಡಿ ಮೇಲೆದ್ರೆ ಒಂದೊಂದ್ಸಲ ಕೆಳಗೆ ಬರ್ತಾ ಇಲ್ಲ. ಇವತ್ತು ಸರಿ ಮಾಡಿ ಕೊಡ್ತೀನಿ. ನಾಳೆ ಯಾರದೋ ಮುಖ್ಯವಾದ ಫೋಟೋ ಹೊತ್ತಲ್ಲಿ ಕೈ ಕೊಟ್ರೆ?" ಅವನು ಗಾಜಿನ ಬೀರುವಿನಿಂದ ಇನ್ನೊಂದನ್ನು ತೆಗೆದು ಅವಳ ಮುಂದಿಟ್ಟ. "ಇದು ಮಿರರ್‌ಲೆಸ್. ಕನ್ನಡಿನೇ ಇಲ್ಲ. ಸಿಕ್ಕಿಹಾಕ್ಕೊಳ್ಳೋ ಮಾತೇ ಇಲ್ಲ."

ದಿಯೆಪ್ ಅದನ್ನು ಕಣ್ಣಿಗಿಟ್ಟುಕೊಂಡಳು. ಒಳಗಿನ ಪುಟ್ಟ ಪರದೆಯಲ್ಲಿ ಅವನೇ ಕಾಣಿಸಿದ... ತುಸು ಬಾಗಿದ ಹುಬ್ಬು, ನಗು ತಡೆದುಕೊಂಡ ತುಟಿ. ಗುಂಡಿ ಒತ್ತಿದಳು. ಏನೂ ಕೇಳಿಸಲಿಲ್ಲ.

"ಬಿತ್ತಾ ಫೋಟೋ?"

"ಬಿತ್ತು. ಸದ್ದು ಬೇಕಿದ್ರೆ ಹಾಕಬಹುದು, ಕಿವಿ ಸಮಾಧಾನಕ್ಕೆ."

"ಸುಳ್ಳು ಸದ್ದಾ?"

"ಸುಳ್ಳು ಸದ್ದೇ." ಅವನು ಒಪ್ಪಿಕೊಂಡ.

"ನಮ್ಮದ್ರಲ್ಲಿ ನೋಡಿದ್ರೆ ಮನುಷ್ಯರು ಕಾಣ್ತಾರೆ. ಇದ್ರಲ್ಲಿ ಟೀವಿ ಕಾಣುತ್ತೆ," ಎಂದು ದಿಯೆಪ್ ಅದನ್ನು ವಾಪಸ್ಸು ಇಟ್ಟಳು.

ಆದರೆ ಅವನ ಮುಖ ಅದರೊಳಗೇ ಉಳಿದಿತ್ತು. ಅಳಿಸಿಬಿಡಿ ಎನ್ನಲು ಮರೆತಳು. ಮರೆತಳೋ, ಮನಸ್ಸಾಗಲಿಲ್ಲವೋ... ಅವಳನ್ನೇ ಕೇಳಬೇಕು.

ಅವನ ಹೆಸರು ಖೋಯ್. ಮಾರುವುದಕ್ಕಿಂತ ಬಿಚ್ಚಿ ಜೋಡಿಸುವುದರಲ್ಲೇ ಅವನಿಗೆ ಖುಷಿ. ಹಟ ಮಾತ್ರ ಬೆಟ್ಟದಷ್ಟು. ಮುಂದಿನ ಭಾನುವಾರ ಹೊಸ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅವಳ ಸ್ಟುಡಿಯೋ ಬಾಗಿಲಿಗೇ ಬಂದ.

"ಒಂದು ದಿನ ಪರೀಕ್ಷೆ ಮಾಡಿ ನೋಡಿ. ಇಷ್ಟ ಆಗ್ಲಿಲ್ಲ ಅಂದ್ರೆ ನಾನು ಮತ್ತೆ ಬಾಯಿ ಬಿಡಲ್ಲ."

ಒಳಗಿನ ಮಂಚದಿಂದ ಅಪ್ಪ ಲಾಮ್ ನಕ್ಕರು. ಹಿಂದಿನ ಮಳೆಗಾಲದಲ್ಲಿ ಪಾರ್ಶ್ವವಾಯು ಬಡಿದು ಅವರ ಬಲಗೈ ಸತ್ತಂತಾಗಿತ್ತು. ಅಂದಿನಿಂದ ಕೆಲಸವೆಲ್ಲ ಮಗಳದು.

"ಕರ್ಕೊಂಡು ಹೋಗಮ್ಮ. ಹಿಂದಿನ ಪರದೆ ಹಿಡಿಯೋಕೆ ಒಬ್ರು ಬೇಕಲ್ಲ."

ಹಿನ್ನೀರಿನ ದಂಡೆಯ ಹಳ್ಳಿಯಲ್ಲಿ ತಾಮ್ ಅಜ್ಜಿ ನಿಲುವಂಗಿ ತೊಟ್ಟು, ತುರುಬು ಕಟ್ಟಿ, ಕಾದು ಕೂತಿದ್ದಳು. ನಮ್ಮಲ್ಲಿ ಪೀಠದ ಫೋಟೋವನ್ನು ಗಟ್ಟಿಮುಟ್ಟಾಗಿ ಇರುವಾಗಲೇ ತೆಗೆಸಿ, ಕೆಂಪು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡುತ್ತಾರೆ. ಸಾಯುವ ಮಾತಾಯಿತಲ್ಲ ಎಂದು ಯಾರೂ ಅಳುವುದಿಲ್ಲ. ಚೆನ್ನಾಗಿ ಬರಲಿ ಎಂದು ಪೌಡರು ಹಚ್ಚಿಕೊಳ್ಳುತ್ತಾರೆ.

ಲಾಮ್ ಅವರದೊಂದು ಪದ್ಧತಿ ಇತ್ತು. ಅವರು ಕೂತವರ ಎರಡೂ ಕೈಗಳನ್ನು ಮಂಡಿಯ ಮೇಲೆ ಇಡಿಸಿ, "ನಾಳೆ ಮಕ್ಕಳು ಮೊಮ್ಮಕ್ಕಳು ದಿನಾ ನೋಡೋ ಮುಖ ಇದು. ಯಾವ ಮುಖ ಕೊಡ್ಬೇಕು ಅಂತ ನೀವೇ ತೀರ್ಮಾನ ಮಾಡಿ. ಸಿದ್ಧ ಆದಾಗ ಬಲಗೈ ತೋರುಬೆರಳು ಎತ್ತಿ. ಅಲ್ಲಿವರೆಗೂ ನಾನು ಒತ್ತಲ್ಲ," ಎನ್ನುತ್ತಿದ್ದರು. ಚೌಕಟ್ಟಿಗೆ ಹಾಕುವಾಗ ಎದೆಯ ಕೆಳಗಿನದನ್ನು ಕತ್ತರಿಸುತ್ತಿದ್ದುದರಿಂದ ಆ ಬೆರಳು ಯಾವ ಫೋಟೋದಲ್ಲೂ ಕಾಣುತ್ತಿರಲಿಲ್ಲ. ಕೂತವರಿಗೆ ಮತ್ತು ತೆಗೆದವರಿಗೆ ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ. ಹಿಂದೆ ನೀಲಿ ಬಟ್ಟೆ ಹಿಡಿದು ನಿಂತ ಖೋಯ್‌ಗಂತೂ ಕಂಡದ್ದು ಅಜ್ಜಿಯ ತುರುಬು ಮಾತ್ರ.

ಪದ್ಧತಿ ಮೊದಲೇ ಗೊತ್ತಿದ್ದ ತಾಮ್ ಅಜ್ಜಿ, ಹೇಳಿಸಿಕೊಳ್ಳದೆಯೇ ಬೆರಳೆತ್ತಿದಳು. ಉಸಿರು ಬಿಗಿ ಹಿಡಿದಳು. ದಿಯೆಪ್ ಒತ್ತಿದಳು. ಸದ್ದಿಲ್ಲ. ಅಜ್ಜಿ ಉಸಿರು ಹಿಡಿದೇ ಇದ್ದಳು. ಕೆನ್ನೆ ಉಬ್ಬಿತು, ಮುಖ ಕೆಂಪಾಯಿತು.

"ಅಜ್ಜೀ, ಉಸಿರು ಬಿಡಿ. ಆಗೋಯ್ತು."

"ಏನಾಗೋಯ್ತು? ಟಪ್ ಅಂತ ಅನ್ಲೇ ಇಲ್ಲ. ನಿಮ್ಮಪ್ಪ ಆಗಿದ್ರೆ ಟಪ್ ಅನ್ನೋದು, ನಾವು ಉಸಿರು ಬಿಡ್ತಿದ್ವಿ. ನೀನು ಹಿಂಗೆ ಕೂರಿಸಿದ್ರೆ ಫೋಟೋಗಿಂತ ಮುಂಚೆ ನಾನೇ ಪೀಠ ಹತ್ತುತೀನಿ ನೋಡು."

ಖೋಯ್ ನಗು ತಡೆಯಲಾರದೆ ಕೈಯಲ್ಲಿದ್ದ ಬಟ್ಟೆಯನ್ನೇ ಬಿಟ್ಟ. ಅದು ಅಜ್ಜಿಯ ತಲೆಯ ಮೇಲೆ ಬಿತ್ತು. ಅಂದು ದಿಯೆಪ್ ನಕ್ಕಷ್ಟು ಅಪ್ಪನಿಗೆ ಕಾಯಿಲೆ ಬಂದ ಮೇಲೆ ಎಂದೂ ನಕ್ಕಿರಲಿಲ್ಲ.

ಆಮೇಲೆ ದೋಣಿಕಟ್ಟೆಯ ಮೇಲೆ ಕೂತು ಚಿಪ್ಪುಮಾಂಸದ ಅನ್ನ ತಿನ್ನುವಾಗಲೂ ವಾದ ನಿಲ್ಲಲಿಲ್ಲ.

"ನಿಮ್ಮ ಹಳೇದ್ರಲ್ಲಿ ಗುಂಡಿ ಒತ್ತಿದ ಗಳಿಗೆಗೆ ಕನ್ನಡಿ ಮೇಲೇಳುತ್ತೆ, ಕಣ್ಣಿಗೆ ಕತ್ತಲೆ. ಅಂದ್ರೆ ನೀವು ಹಿಡಿದ ಗಳಿಗೆನ ನೀವೇ ನೋಡಿರಲ್ಲ. ಇದ್ರಲ್ಲಿ ಹಾಗಿಲ್ಲ."

"ಆ ಗಳಿಗೆ ಅವರದು, ನಮ್ದಲ್ಲ ಅಂತಾರೆ ಅಪ್ಪ. ನಾವು ಕಣ್ಮುಚ್ಚಬೇಕಂತೆ."

ಖೋಯ್ ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತುಂಬಿಕೊಂಡು ಕೂತ. 'ಅಯ್ಯೋ, ಎಷ್ಟು ಪೆದ್ದ,' ಎಂದುಕೊಂಡಳು ದಿಯೆಪ್. ಪ್ರೀತಿ ಶುರುವಾಗುವುದು ಹೀಗೆಯೇ ತಾನೇ?

ಅವನು ಬರುತ್ತಲೇ ಇದ್ದ. ಒಮ್ಮೆ ಲೆನ್ಸ್ ಒರೆಸಲು, ಒಮ್ಮೆ ಸೋರುವ ಚಾವಣಿಗೆ ತಗಡು ಹೊಡೆಯಲು, ಒಮ್ಮೆ ಯಾವ ನೆಪವೂ ಇಲ್ಲದೆ. 'ನೀವು' ಹೋಗಿ 'ನೀನು' ಬಂತು. ಅಪ್ಪ ಅವನಿಗೆ 'ಕನ್ನಡಿ ಇಲ್ಲದ ಹುಡುಗ' ಎಂದೇ ಹೆಸರಿಟ್ಟರು. ಒಂದು ದಿನ ಇಬ್ಬರೂ ಅವರ ಮಂಚದ ಮೇಲೆ ಎರಡು ಕ್ಯಾಮೆರಾಗಳನ್ನೂ ಇಟ್ಟು ನ್ಯಾಯ ಕೇಳಿದರು.

"ಅಪ್ಪಾ, ನೀನೇ ಹೇಳು. ಯಾವುದು?"

ಲಾಮ್ ಎಡಗೈಯಲ್ಲಿ ಹೊಸದನ್ನು ಎತ್ತಿ ನೋಡಿದರು. ಹಳೆಯದನ್ನು ಸವರಿದರು. "ಈಗ ಕೇಳಬೇಡಿ. ಹೊತ್ತು ಬಂದಾಗ ಹೇಳ್ತೀನಿ."

ಆ ಹೊತ್ತು ಬಂತು. ಯಾರೂ ಬಯಸದ ರೀತಿಯಲ್ಲಿ ಬಂತು.

ಊರಿನ ಹಿರಿಯರನ್ನೆಲ್ಲ ಪೀಠಕ್ಕೆ ಸಿದ್ಧಮಾಡಿದ ಲಾಮ್ ಅವರದೇ ಒಂದು ಫೋಟೋ ಇರಲಿಲ್ಲ. ನಾಳೆ, ಇನ್ನೊಂದು ದಿನ ಎನ್ನುತ್ತಲೇ ಮುಂದೂಡಿದ್ದರು. ಮಳೆ ಶುರುವಾದಾಗ ಅವರು ದಿನದಿಂದ ದಿನಕ್ಕೆ ಇಳಿದುಹೋಗತೊಡಗಿದರು. ಅವರ ತಂಗಿ ಸೆನ್ ಅತ್ತೆ ಪಂಚಾಂಗ ನೋಡಿಸಿ ಒಳ್ಳೆಯ ದಿನ ಗೊತ್ತು ಮಾಡಿದಳು.

"ದಿಯೆಪ್, ಇದೊಂದನ್ನ ಹೊಸ ಕ್ಯಾಮೆರಾದಲ್ಲಿ ತೆಗಿ," ಖೋಯ್ ಬೇಡಿಕೊಂಡ.

"ಇಲ್ಲ. ಅಪ್ಪನ ಮುಖ ಅಪ್ಪನ ಕ್ಯಾಮೆರಾದಲ್ಲೇ. ನೀನು ಅದನ್ನ ಇನ್ನೊಂದ್ಸಲ ಬಿಚ್ಚಿ ನೋಡು. ಕೈ ಕೊಡುತ್ತಾ ಇಲ್ವಾ, ಅಷ್ಟು ಹೇಳು ಸಾಕು."

ಅವನು ಬಿಚ್ಚಿ, ಒರೆಸಿ, ಜೋಡಿಸಿ, ಹತ್ತಾರು ಸಲ ಒತ್ತಿ ನೋಡಿದ. "ಈ ಮಳೆಗಾಲಕ್ಕೇನೂ ಭಯ ಇಲ್ಲ," ಎಂದ. ಆ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ಒಂದೇ ಒಂದು ಚಿಂತೆ ಅವಳನ್ನು ಕೊರೆಯುತ್ತಿತ್ತು. ಖೋಯ್ ಹೋದ ಮೇಲೆ ಕೇಳಿದಳು. "ಅಪ್ಪಾ, ನಿನ್ನ ಬಲಗೈ ಬೆರಳು ಏಳಲ್ಲವಲ್ಲ. ಸಿದ್ಧ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಅದು ನನ್ನ ಚಿಂತೆ. ನೀನು ಕಾದಿರು, ಅಷ್ಟೇ."

ಆ ಬೆಳಗ್ಗೆ ಲಾಮ್ ಕಪ್ಪು ನಿಲುವಂಗಿ ತೊಟ್ಟು, ತಲೆಗೆ ಪೇಟ ಇಟ್ಟು ಕುರ್ಚಿಯಲ್ಲಿ ಕೂತರು. ಸತ್ತ ಕೈಯನ್ನು ಅತ್ತೆ ಎತ್ತಿ ಮಂಡಿಯ ಮೇಲಿಟ್ಟಳು. ಖೋಯ್ ಹಿಂದಿನ ಗೋಡೆಗೆ ನೀಲಿ ಬಟ್ಟೆ ಬಿಗಿದು ಬಂದು ದಿಯೆಪ್‌ಳ ಹಿಂದೆ, ಬಾಗಿಲ ಬಳಿ ನಿಂತ. ಹೊಸ ಕ್ಯಾಮೆರಾ ಅವನ ಕೊರಳಲ್ಲಿತ್ತು.

ಬೆಳಕು ನೋಡಲೆಂದು ದಿಯೆಪ್ ಒಮ್ಮೆ ಒತ್ತಿದಳು. ಅರ್ಧ ಸದ್ದು ಬಂತು. ಮತ್ತೆ... ಕತ್ತಲೆ.

ಕಣ್ಣು ತೆಗೆದು ಮತ್ತೆ ಇಟ್ಟಳು. ಕತ್ತಲೆಯೇ. ಕನ್ನಡಿ ಮೇಲೆದ್ದು ಅಂಟಿಕೊಂಡಿತ್ತು.

ಅವಳು ನೆಲಕ್ಕೆ ಕೂತು ಲೆನ್ಸ್ ಕಳಚಿದಳು. ಊದಿದಳು, ಬ್ಯಾಟರಿ ತೆಗೆದು ಹಾಕಿದಳು. 'ಈಗ ಬೇಡ... ದಮ್ಮಯ್ಯ, ಈಗ ಬೇಡ.' ಎಷ್ಟು ಹೊತ್ತು ಹಾಗೆ ಬಾಗಿದ್ದಳೋ. ತಲೆಯೆತ್ತಿದಾಗ ಅಪ್ಪ ಬೆವೆತು ಕುರ್ಚಿಗೆ ಒರಗಿದ್ದರು. ತಿರುಗಿದಾಗ ಖೋಯ್ ಹೊಸ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸುತ್ತಿದ್ದ.

ಅವಳ ಎದೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು.

"ಈಗಲೂ ನಿನಗೆ ಆಟಾನಾ? ಭಯ ಇಲ್ಲ ಅಂದವನು ನೀನೇ ಅಲ್ವಾ? ಬೇಕಂತಲೇ ಅರ್ಧಂಬರ್ಧ ಮಾಡಿಟ್ಯಾ, ನಿನ್ನ ಅಂಗಡಿ ಮಾಲೇ ಮೇಲು ಅಂತ ತೋರಿಸೋಕೆ?"

ಖೋಯ್‌ನ ಮುಖ ಬಿಳಿಚಿಕೊಂಡಿತು.

ಲಾಮ್ ಏನೋ ಹೇಳಲು ತುಟಿ ತೆರೆದರು. ಕೆಮ್ಮು ಒತ್ತರಿಸಿ ಬಂದು ಮಾತು ಒಳಗೇ ಉಳಿಯಿತು. ಅವರನ್ನು ಎತ್ತಿ ಮಂಚಕ್ಕೆ ಒಯ್ದರು. ಅದೇ ಮಧ್ಯಾಹ್ನ ಎರಡನೆಯ ಸಲ ಪಾರ್ಶ್ವವಾಯು ಬಡಿಯಿತು. ಆ ವಾರ ಕಳೆಯುವುದರೊಳಗೆ, ಒಂದು ಮಾತೂ ಆಡದೆ, ಅವರು ಹೋಗಿಬಿಟ್ಟರು.

ಶವದ ಮುಂದಿಡಲು ಫೋಟೋ ಇಲ್ಲ. ಫೋಟೋಗ್ರಾಫರನ ಮನೆಯಲ್ಲಿ!

ಪಕ್ಕದ ಮನೆಯವರು ಮರುಗಿ ಫೋನು ತಂದರು. ಲಾಮ್ ಜಗಲಿಯಲ್ಲಿ ತೂಕಡಿಸುತ್ತಿದ್ದಾಗ ಯಾವಾಗಲೋ ತೆಗೆದದ್ದು. ಬಾಯಿ ತೆರೆದಿತ್ತು, ತಲೆ ವಾಲಿತ್ತು. ದಿಯೆಪ್ ಅದನ್ನು ನೋಡಿ ಬೆಂಕಿಯಾದಳು.

"ಬೇಡ. ಅಪ್ಪ ತಾನಾಗಿ ಕೊಡದ ಮುಖ ಇದು. ಕದ್ದ ಮುಖ. ಕದ್ದ ಮುಖಾನ ನಮ್ಮ ಪೀಠದ ಮೇಲೆ ಇಡೋಕೆ ನಾನು ಬಿಡಲ್ಲ. ಹಾಗೆ ತೆಗೆದವರನ್ನ ಜನ್ಮದಲ್ಲಿ ಕ್ಷಮಿಸಲ್ಲ."

ಗೇಟಿನ ಹತ್ತಿರ ಮಳೆಯಂಗಿ ತೊಟ್ಟು ಖೋಯ್ ನಿಂತಿದ್ದ. ಅವನ ಅಂಗಿಯೊಳಗೆ ಒಂದು ಲಕೋಟೆ ಇತ್ತು. ಅವಳ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಲಕೋಟೆಯ ಮೇಲೆ ಕೈ ಒತ್ತಿಕೊಂಡು ಹಾಗೆಯೇ ಹಿಂತಿರುಗಿ ಹೋದ. ಅವನು ಬಂದದ್ದನ್ನಾಗಲೀ ಹೋದದ್ದನ್ನಾಗಲೀ ದಿಯೆಪ್ ನೋಡಲಿಲ್ಲ.

ಕೊನೆಗೆ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿ ಪೀಠದ ಮೇಲಿಟ್ಟರು. ಮಸುಕು ಮಸುಕಾದ ಮುಖ, ಬೆದರಿದ ಕಣ್ಣು.

"ಇದು ನಮ್ಮಣ್ಣ ಅಲ್ಲ," ಎಂದು ಸೆನ್ ಅತ್ತೆ ಪ್ರತಿ ಸಲ ಊದುಬತ್ತಿ ಹಚ್ಚುವಾಗಲೂ ಅತ್ತಳು. "ಈ ಮುಖ ನೋಡಿ ಅವನು ತನ್ನ ಮನೆ ಅಂತ ಗುರುತು ಹಿಡೀತಾನಾ?"

ಓದುವವರೇ, ಒಂದು ಮನೆಯಲ್ಲಿ ದಿನ ಬೆಳಗಾದರೆ ಈ ಮಾತು ಕೇಳುತ್ತ ಬದುಕುವುದೆಂದರೆ ಏನೆಂದು ಯೋಚಿಸಿ ನೋಡಿ. ದಿಯೆಪ್ ಬದುಕಿದಳು ಎನ್ನುವುದಕ್ಕಿಂತ ಉಸಿರಾಡುತ್ತಿದ್ದಳು ಅಷ್ಟೇ. ಕ್ಯಾಮೆರಾ ಕಣ್ಣಿಗಿಟ್ಟರೆ ಸಾಕು, ಆ ಕತ್ತಲೆ ಬಂದು ಕೂರುತ್ತಿತ್ತು. ಹಳ್ಳಿಗಳಿಂದ ಕರೆ ಬಂದರೆ ಜ್ವರ ಎಂದಳು, ಮಳೆ ಎಂದಳು. ಕ್ರಮೇಣ ಕರೆಯುವುದನ್ನೇ ಜನ ಬಿಟ್ಟರು. ಸ್ಟುಡಿಯೋದ ನೀಲಿ ಬಟ್ಟೆಗೆ ಬೂಷ್ಟು ಹಿಡಿಯಿತು.

ಚಳಿಗಾಲದಲ್ಲಿ ತಾಮ್ ಅಜ್ಜಿ ತೀರಿಕೊಂಡಳು. ಊದುಬತ್ತಿ ಇಡಲು ಹೋದ ದಿಯೆಪ್ ಅಲ್ಲೇ ಕಲ್ಲಾದಳು. ಪೀಠದ ಮೇಲೆ ಅಂದು ಹೊಸ ಕ್ಯಾಮೆರಾದಲ್ಲಿ ತೆಗೆದ ಫೋಟೋ... ಉಸಿರು ಹಿಡಿದು ತುಸು ಉಬ್ಬಿದ ಕೆನ್ನೆ, ಇನ್ನೇನು ಬೈಯಲು ಹೊರಟ ಕಣ್ಣು. "ಅಜ್ಜಿನೇ ಕೂತ ಹಾಗಿದೆ," ಎಂದು ಮೊಮ್ಮಕ್ಕಳು ಅಳುತ್ತ ನಗುತ್ತಿದ್ದರು.

ಅಂದು ದೋಣಿಕಟ್ಟೆಯಲ್ಲಿ ಅವಳು ಒಬ್ಬಳೇ ಕೂತು ಅತ್ತಳು. 'ಟೀವಿ ಅಂದೆ. ಸುಳ್ಳು ಅಂದೆ. ಹಟ ಬಿಟ್ಟು ಆ ದಿನ ಕೈ ಚಾಚಿ ಆ ಕ್ಯಾಮೆರಾ ತಗೊಂಡಿದ್ರೆ ಅಪ್ಪ ಹೀಗೇ ಕೂತಿರುತ್ತಿದ್ದ. ತಪ್ಪು ನನ್ನದು. ಬೈದದ್ದು ಅವನಿಗೆ.' ಯಾವ ಮುಖ ಹೊತ್ತು ಖೋಯ್‌ನ ಮುಂದೆ ನಿಲ್ಲಲಿ? ಅವನ ಅಂಗಡಿಯ ಬೀದಿಯನ್ನೇ ಅವಳು ಬಿಟ್ಟುಬಿಟ್ಟಳು. ಕೊನೆಗೆ ಅಪ್ಪನ ಕ್ಯಾಮೆರಾವನ್ನು ಅತ್ತೆಯ ಕೈಲಿ ಅಲ್ಲಿಗೇ ಕಳಿಸಿದಳು, ಯಾರಾದರೂ ಕೊಂಡರೆ ಕೊಳ್ಳಲಿ ಎಂದು.

ಅಪ್ಪನ ವರ್ಷದ ತಿಥಿ ಬಂತು. ಊಟಕ್ಕೆ ಬಂದವರು ಮಧ್ಯಾಹ್ನದ ಹೊತ್ತಿಗೆ ಚದುರಿದರು. ಹೊರಗೆ ಜಿಟಿಜಿಟಿ ಮಳೆ. ದಿಯೆಪ್ ಪೀಠದ ಮುಂದಿನ ಬಟ್ಟಲು ಎತ್ತುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

ಖೋಯ್! ಸೊರಗಿದ್ದ. ಕೈಯಲ್ಲಿ ಸೇವಂತಿಗೆ, ಹೆಗಲಲ್ಲಿ ಚೀಲ.

ಅವನು ಊದುಬತ್ತಿ ಹಚ್ಚಿ, ಆ ಮಸುಕು ಮುಖಕ್ಕೆ ತಲೆಬಾಗಿದ. ಆಮೇಲೆ ಚೀಲದಿಂದ ಹಳೆಯ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟ.

"ಮಾರೋಕಾಗ್ಲಿಲ್ಲ. ಬಿಚ್ಚಿ ನೋಡಿದೆ. ಕನ್ನಡಿ ಬಂದು ಬಡಿಯೋ ಜಾಗದಲ್ಲಿ ಒಂದು ಸ್ಪಂಜಿನ ಪಟ್ಟಿ ಇರುತ್ತೆ. ನಮ್ಮೂರ ತೇವಕ್ಕೆ ಅದು ಕರಗಿ ಅಂಟಾಗಿತ್ತು. ಕನ್ನಡಿ ಹೋಗಿ ಅದಕ್ಕೆ ಅಂಟ್ಕೊಂಡಿದೆ. ಆವತ್ತು ನಾನು ಎಲ್ಲಾ ನೋಡಿದೆ, ಅದೊಂದು ಪಟ್ಟಿ ನೋಡ್ಲಿಲ್ಲ. ಬೇಕಂತ ಮಾಡ್ಲಿಲ್ಲ ದಿಯೆಪ್. ಆದ್ರೆ ತಪ್ಪು ನನ್ನದೇ."

"ಖೋಯ್... ಆವತ್ತು ನಾನಾಡಿದ ಮಾತು..."

"ತಡಿ. ಇನ್ನೊಂದಿದೆ. ಅದು ಕೇಳಿದ ಮೇಲೆ ನನ್ನ ಹೊರಗೆ ಹಾಕು." ಅವನು ಅಂಗಿಯೊಳಗಿಂದ ಲಕೋಟೆ ತೆಗೆದ. ಅಂಚು ಸವೆದಿತ್ತು. "ನಾನು ಕಳ್ಳ. ನೀನು ನೆಲದ ಮೇಲೆ ಬಾಗಿದ್ದಾಗ ನಿಮ್ಮಪ್ಪ ನನ್ನ ಕಡೆ ನೋಡ್ತಾ ಇದ್ರು. ಸೋತ ಕೈನ ತಿಕ್ಕೊಳ್ತಾ ಕೂತಿದ್ರು. ಆ ಕಣ್ಣು ನೋಡಿ... ಕೇಳದೇನೇ ಒತ್ತಿಬಿಟ್ಟೆ. ಸದ್ದು ಬರ್ಲಿಲ್ಲ. ಅವರಿಗೂ ಗೊತ್ತಾಗಿರಲ್ಲ. ಸಾವಿನ ದಿನ ಕೊಡೋಣ ಅಂತ ತಂದಿದ್ದೆ. ಕದ್ದ ಮುಖ ಬೇಡ ಅಂದಿದ್ದು ಕೇಳಿಸ್ತು. ಅದನ್ನ ಇಟ್ಕೊಳ್ಳೋಕೂ ಆಗ್ಲಿಲ್ಲ, ಹರಿಯೋಕೂ ಆಗ್ಲಿಲ್ಲ."

ದಿಯೆಪ್ ಚಿತ್ರವನ್ನು ಹೊರಗೆಳೆದಳು.

ಅಪ್ಪ! ಪೇಟ ನೆಟ್ಟಗಿತ್ತು. ಕಣ್ಣು ನೇರ ಅವಳನ್ನೇ ನೋಡುತ್ತಿತ್ತು, ಉಪ್ಪು ಜಾಸ್ತಿಯಾಯಿತೆಂದು ಹೇಳಲೋ ಬೇಡವೋ ಎನ್ನುವಾಗಿನ ಅದೇ ಕಳ್ಳನಗೆ. ದೂರದಿಂದ ತೆಗೆದದ್ದರಿಂದ ಕುರ್ಚಿ, ಮಂಡಿ, ಕೈ ಎಲ್ಲವೂ ಇತ್ತು. ಕೆಳಗಡೆ ಅವಳದೇ ಬಾಗಿದ ಬೆನ್ನಿನ ಒಂದು ತುಣುಕು.

ಅವಳ ನೋಟ ಕೈಗಳ ಮೇಲೆ ನಿಂತಿತು. ನಿಂತೇ ಬಿಟ್ಟಿತು.

"ಖೋಯ್..." ಅವಳು ಚಿತ್ರವನ್ನು ಅವನತ್ತ ತಿರುಗಿಸಿದಳು. "ತಿಕ್ಕೊಳ್ತಾ ಇರ್ಲಿಲ್ಲ ಕಣೋ."

"ಏನು?"

"ಸರಿಯಾಗಿ ನೋಡು. ಎಡಗೈಲಿ ಬಲಗೈ ತೋರುಬೆರಳನ್ನ ಹಿಡಿದು ಎತ್ತಿದ್ದಾನೆ. ಅದು ತಾನಾಗಿ ಏಳಲ್ಲವಲ್ಲ..." ಕಣ್ಣೀರು ಚಿತ್ರದ ಮೇಲೆ ಬೀಳದಂತೆ ಅವಳು ಅದನ್ನು ಎದೆಗೊತ್ತಿಕೊಂಡಳು. "ಸಿದ್ಧ ಆದವರು ಬೆರಳೆತ್ತಬೇಕು. ಅಲ್ಲಿವರೆಗೂ ಒತ್ತಬಾರದು. ಅಪ್ಪ ಎಲ್ಲರ ಹತ್ರ ಹೇಳ್ತಿದ್ದ ಮಾತು. ನಿನಗೆ ಗೊತ್ತಿರ್ಲಿಲ್ಲ. ನೀನು ಕದ್ದಿಲ್ಲ. ಅಪ್ಪ ನಿನಗೆ ಕೊಟ್ಟದ್ದು."

ಖೋಯ್ ಕುಸಿದು ಕೂತ. ಒಂದು ವರ್ಷ ಕಳ್ಳನಂತೆ ಬದುಕಿದವನು, ಈಗ ಮಗುವಿನಂತೆ ಬಿಕ್ಕಿದ.

ಅವಳೂ ಅವನ ಪಕ್ಕ ನೆಲಕ್ಕೆ ಕೂತಳು. 'ನಾನು ಕತ್ತಲೆ ನೋಡುತ್ತಿದ್ದಾಗ, ಅಪ್ಪ ನನ್ನ ಬೆನ್ನ ಹಿಂದೆ ಇವನನ್ನು ಆರಿಸಿಕೊಂಡಿದ್ದ. ಹೊತ್ತು ಬಂದಾಗ ಹೇಳ್ತೀನಿ ಎಂದಿದ್ದ, ಹೇಳಿಯೇ ಹೋಗಿದ್ದ. ಇದನ್ನು ತಿಳಿಯಲು ಒಂದು ವರ್ಷ ಬೇಕಾಯಿತಲ್ಲ. ಈ ವರ್ಷವನ್ನು ಇನ್ನು ಯಾರು ತಿರುಗಿ ಕೊಡುತ್ತಾರೆ? ಅಪ್ಪನನ್ನು ಯಾರು ಕೊಡುತ್ತಾರೆ?'

ಇಬ್ಬರೂ ಸೇರಿ ಬೆದರಿದ ಮುಖವನ್ನು ಚೌಕಟ್ಟಿನಿಂದ ತೆಗೆದು ಹೊಸದನ್ನು ಕೂರಿಸಿದರು. ಕೆಳಗಿನದನ್ನು ಕತ್ತರಿಸಲು ಅವಳು ಬಿಡಲಿಲ್ಲ. ಅಡುಗೆಮನೆಯಿಂದ ಬಂದ ಸೆನ್ ಅತ್ತೆ ಪೀಠ ನೋಡಿ ನಿಂತಲ್ಲೇ ನಿಂತಳು.

"ಅಣ್ಣಾ... ಎಲ್ಲಿಗೆ ಹೋಗಿದ್ಯೋ ಇಷ್ಟು ದಿನ," ಎಂದು ಸೆರಗಿಲ್ಲದ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು ಒಳಗೆ ಹೋಗಿ ಚಹಾ ಇಟ್ಟಳು.

ಮಳೆ ಇನ್ನೂ ಬರುತ್ತಿತ್ತು. ಜಗಲಿಯ ಬೆಂಚಿನಲ್ಲಿ ಇಬ್ಬರೂ ಚಹಾ ಮುಗಿಸಿ ಕೂತಿದ್ದರು. ದಿಯೆಪ್ ಕೇಳಿದಳು.

"ಮೊದಲ ದಿನ ನಾನು ತೆಗೆದ ನಿನ್ನ ಫೋಟೋ... ಅಳಿಸಿಬಿಟ್ಯಾ?"

"ನೀನು ತೆಗೆದದ್ದು. ನಾನ್ಯಾಕೆ ಅಳಿಸ್ಲಿ? ನಿನ್ನ ಸಿಟ್ಟು ನೆನಪಾದಾಗೆಲ್ಲ ನೋಡ್ಕೊಳ್ತಿದ್ದೆ. ನನ್ನ ಮುಖಾನ ನಾನೇ ಅಷ್ಟು ನೋಡಿದ್ದು ಅದೇ ಮೊದಲು." ಅವನು ನಗಲು ನೋಡಿದ, ಆಗಲಿಲ್ಲ. "ದಿಯೆಪ್, ನಿನ್ನ ಅಪ್ಪನ ಹಾಗೆ ನಾನೂ ಒತ್ತಾಯ ಮಾಡಲ್ಲ. ಇನ್ನು ಮುಂದೆ ನಾನು ಈ ಮನೆಗೆ ನೆಪ ಇಲ್ಲದೆ ಬರಬಹುದಾ? ಬಂದರೆ... ಹೋಗದೇ ಇರಬಹುದಾ?"

ಅವಳು ಉತ್ತರ ಕೊಡಲಿಲ್ಲ. ಅವನು ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತ ಕೂತ. ಪೆದ್ದ! ನೋಡಬೇಕಾದದ್ದು ಮುಖವನ್ನಲ್ಲ ಎಂದು ಇನ್ನೂ ಗೊತ್ತಾಗಿರಲಿಲ್ಲ. ಅವಳ ಬಲಗೈ ಮಂಡಿಯ ಮೇಲಿತ್ತು. ತೋರುಬೆರಳು ಮೆಲ್ಲಗೆ ಮೇಲೆದ್ದಿತ್ತು.

ಕೊನೆಗೂ ಅವನ ಕಣ್ಣು ಅಲ್ಲಿಗೆ ಇಳಿಯಿತು.

"ಉಸಿರು ಬಿಡೋ ಮಾರಾಯ," ಅಳುತ್ತಲೇ ನಕ್ಕಳು ದಿಯೆಪ್. "ಆಗೋಯ್ತು."